ಏರಿಸಿದ ಸಂಬಳ ಸರಿ, ಬಾಕಿ ಎಲ್ಲಿ ಸ್ವಾಮಿ?

ನಮ್ಮ ಬಸ್ಸಿನ ಕಂಡಕ್ಟರುಗಳಲ್ಲಿ ಒಂದು ಹಳೇ ಪದ್ಧತಿ ಇದೆ. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು ಕೊಡುತ್ತಾರೆ. ಇಳಿಯುವಾಗ ಇಸಕೊಳ್ಳಿ ಅಂತಾರೆ. ಇಳಿಯುವ ಗಡಿಬಿಡಿಯಲ್ಲಿ ನಾವು ಮರೆಯುತ್ತೇವೆ, ಬಸ್ಸು ಹೊರಟೇ ಹೋಗುತ್ತದೆ. ಇದರ ಬಗ್ಗೆ ಈ ಅಂಕಣಕ್ಕೆ ಓದುಗರಿಂದ ಬರುವ ತಕರಾರು ಕಮ್ಮಿಯಿಲ್ಲ. ನಮಗೂ ಸಿಟ್ಟಿದೆ. ಆದರೆ ಆ ಕಂಡಕ್ಟರನ ಟಿಕೆಟ್ಟಿನ ಬೆನ್ನಿಗೆ ಸರಕಾರ ಬರೆದುಕೊಟ್ಟಿರುವ ಬಾಕಿ ಎಷ್ಟು ಅಂತ ಯಾರಾದರೂ ಕೇಳಿದ್ದಾರಾ? ಮೂವತ್ತೆಂಟು ತಿಂಗಳದ್ದು!

ವಿಷಯ ಗೊತ್ತಿಲ್ಲದವರಿಗೆ ಮೊದಲಿಂದ ಹೇಳಬೇಕು. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಲ್ಲಿ, ಅಂದರೆ ಕೆ.ಎಸ್.ಆರ್.ಟಿ.ಸಿ., ಬಿ.ಎಂ.ಟಿ.ಸಿ., ಹುಬ್ಬಳ್ಳಿಯ ವಾಯವ್ಯ ನಿಗಮ, ಕಲಬುರಗಿಯ ಕಲ್ಯಾಣ ಕರ್ನಾಟಕ ನಿಗಮಗಳಲ್ಲಿ, ಸಂಬಳ ಪರಿಷ್ಕರಣೆ ಆಗುವುದು ನಾಲ್ಕು ವರ್ಷಕ್ಕೊಮ್ಮೆ. ಇದು ಯಾರೋ ದಯೆಯಿಂದ ಕೊಡುವ ಇನಾಮಲ್ಲ, ವರ್ಷಾನುಗಟ್ಟಲೆಯಿಂದ ನಡೆದುಬಂದ ಕರಾರು. 2016ರ ಜನವರಿ 1ರದ್ದು ಒಂದು ಕಂತು. ಅದಕ್ಕೂ ಆ ವರ್ಷ ಜುಲೈ ಕೊನೆಯಲ್ಲಿ ಮೂರು ದಿನ ಬಸ್ಸು ನಿಲ್ಲಿಸಬೇಕಾಯಿತು. ಕೇಳಿದ್ದು ಶೇಕಡಾ 35, ದಕ್ಕಿದ್ದು ಹನ್ನೆರಡೂವರೆ. ಸರಿ, ಹಂಗೂ ಹಿಂಗೂ ಆಯಿತು. ಮುಂದಿನದು 2020ರ ಜನವರಿ 1ಕ್ಕೆ ಬರಬೇಕಿತ್ತು.

ಬರಲಿಲ್ಲ. ಮಾರ್ಚಿನಲ್ಲಿ ಕೊರೊನಾ ಬಂತು, ಬಸ್ಸು ನಿಂತಿತು. ಆಗ ಯಾರೂ ಸಂಬಳ ಏರಿಸಿ ಅಂತ ಕೂಗಾಡಲಿಲ್ಲ ಎನ್ನುವುದನ್ನು ನೆನಪಿಡಬೇಕು. 2020ರ ಮೇ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನ ಮೆಜೆಸ್ಟಿಕ್ಕಿನಿಂದ ಕೂಲಿಕಾರರನ್ನು ಊರೂರಿಗೆ ತಲುಪಿಸಿದವರು ಇದೇ ಡ್ರೈವರು ಕಂಡಕ್ಟರುಗಳು. ನಮ್ಮ ಜಿಲ್ಲೆಯ ಹಳ್ಳಿಗಳಿಗೂ ಆ ಬಸ್ಸು ಬಂದಿದ್ದವು. ಊರವರು ಹತ್ತಿರ ಸೇರಿಸಲು ಹೆದರುತ್ತಿದ್ದ ಕಾಲ ಅದು.

ಆ ವರ್ಷ ಡಿಸೆಂಬರಿನಲ್ಲಿ ನಾಲ್ಕು ದಿನ ಮುಷ್ಕರ. ಭರವಸೆ ಸಿಕ್ಕಿತು, ಬಸ್ಸು ಓಡಿತು, ಭರವಸೆ ಓಡಲಿಲ್ಲ. 2021ರ ಏಪ್ರಿಲ್ 7ರಿಂದ ಮತ್ತೆ ಹದಿನೈದು ದಿನ. ಸರಕಾರಿ ನೌಕರರಿಗೆ ಕೊಟ್ಟ ಆರನೇ ವೇತನ ಆಯೋಗದ ಸಂಬಳ ನಮಗೂ ಕೊಡಿ ಎಂಬುದು ಬೇಡಿಕೆ. ಶೇಕಡಾ 8 ಕೊಡುತ್ತೇವೆ ಎಂದಿತು ಸರಕಾರ. ಒಪ್ಪಲಿಲ್ಲ. ಕೊನೆಗೆ ಹೈಕೋರ್ಟ್ ನಡುವೆ ಬಂದು ಬಸ್ಸು ರಸ್ತೆಗಿಳಿಯಿತು. ಆ ಹದಿನೈದು ದಿನಕ್ಕೆ ತೆತ್ತ ಬೆಲೆ ಏನು? ಸಾವಿರಾರು ಜನಕ್ಕೆ ವಜಾ, ಅಮಾನತು, ವರ್ಗಾವಣೆ. ಮೆಮೊ ಹಿಡಿದು ವಿಭಾಗೀಯ ಕಚೇರಿಯ ಮೆಟ್ಟಿಲು ಸವೆಸಿದವರನ್ನು ನಮ್ಮೂರ ಜನವೂ ನೋಡಿದ್ದಾರೆ. ಆ ಮುಷ್ಕರದ ಮುಂದಾಳುಗಳು ಮಾಡಿದ್ದೆಲ್ಲ ಸರಿ ಅಂತ ಈ ಪತ್ರಿಕೆ ಹೇಳುವುದಿಲ್ಲ. ಕೊರೊನಾ ಎರಡನೇ ಅಲೆ ಏಳುತ್ತಿದ್ದ ಹೊತ್ತಿನಲ್ಲಿ ಹದಿನೈದು ದಿನ ಎಳೆದದ್ದು ಜನರಿಗೂ ಕಷ್ಟವಾಯಿತು, ನೌಕರರಿಗೂ ಕೈ ಸುಟ್ಟಿತು. ಆದರೆ ಹೊತ್ತು ಕೆಟ್ಟದ್ದಾಗಿದ್ದರೆ ಬೇಡಿಕೆಯೂ ಕೆಟ್ಟದ್ದೇ?

ಆಮೇಲೆ 2023 ಬಂತು. ಮೇ 10ಕ್ಕೆ ವಿಧಾನಸಭಾ ಚುನಾವಣೆ. ಮೂರು ವರ್ಷ ಕಾಣದ ದುಡ್ಡು ಮಾರ್ಚಿನಲ್ಲಿ ಕಂಡಿತು! ಮಾರ್ಚ್ 1ರಿಂದ ಜಾರಿಗೆ ಬರುವಂತೆ ಶೇಕಡಾ 15 ಏರಿಕೆ ಅಂತ ಆದೇಶವಾಯಿತು. ಅದೇ ಮಾರ್ಚ್ 1ರಂದು ಸರಕಾರಿ ನೌಕರರೂ ಕೆಲಸ ನಿಲ್ಲಿಸಿದ್ದರು. ಅವರಿಗೂ ಅವತ್ತೇ ಶೇಕಡಾ 17 ಮಧ್ಯಂತರ ಪರಿಹಾರ ಘೋಷಣೆಯಾಯಿತು. ಚುನಾವಣೆ ಎಂಬುದು ಐದು ವರ್ಷಕ್ಕೊಮ್ಮೆ ಬರುವ ವೇತನ ಆಯೋಗ ಅಂತ ಕಚೇರಿಗಳಲ್ಲಿ ತಮಾಷೆ ಮಾಡುತ್ತಾರೆ. ತಮಾಷೆಯೇನಲ್ಲ ಅದು.

ಸಾರಿಗೆಯವರ ಶೇಕಡಾ 15ರಲ್ಲಿ ಒಂದು ಗಂಟು ಉಳಿಯಿತು. 2020ರ ಜನವರಿ 1ರಿಂದ 2023ರ ಫೆಬ್ರವರಿ 28ರ ವರೆಗಿನ 38 ತಿಂಗಳ ವ್ಯತ್ಯಾಸದ ಹಣ ಏನಾಗಬೇಕು? ಸಂಘಟನೆಗಳ ಲೆಕ್ಕದಲ್ಲಿ ಅದು ಸುಮಾರು 1,785 ಕೋಟಿ ರೂಪಾಯಿ. ಪರಿಶೀಲನೆಗೆ ಸಮಿತಿ ಆಯಿತು. ಸಮಿತಿ ಇಲ್ಲದೆ ನಮ್ಮಲ್ಲಿ ಏನೂ ಆಗುವುದಿಲ್ಲವಲ್ಲ. 2025ರ ಆಗಸ್ಟ್ ಮೊದಲ ವಾರದಲ್ಲಿ ಮುಖ್ಯಮಂತ್ರಿಗಳ ಜೊತೆ ಮಾತುಕತೆ ನಡೆದಾಗ ಸರಕಾರ ಹೇಳಿದ್ದು: 14 ತಿಂಗಳದ್ದು ಕೊಡುತ್ತೇವೆ, 718 ಕೋಟಿ. ಉಳಿದ 24 ತಿಂಗಳು? ಅದು ಲೆಕ್ಕದಿಂದಲೇ ಹೊರಗೆ!

ದೊಡ್ಡ ಅಂಕಿ ಓದಿದರೆ ತಲೆಗೆ ಹತ್ತುವುದಿಲ್ಲ. ಕೋಟಿ ಬಿಡಿ, ಒಂದು ಮನೆಯ ಲೆಕ್ಕ ಹಾಕೋಣ. ಮೂಲವೇತನ 20,000 ಇದ್ದ ಒಬ್ಬ ಡ್ರೈವರ್ ಅಂತ ಇಟ್ಟುಕೊಳ್ಳಿ. ಶೇಕಡಾ 15 ಅಂದರೆ ತಿಂಗಳಿಗೆ 3,000. 38 ತಿಂಗಳಿಗೆ 1,14,000. ತುಟ್ಟಿಭತ್ಯೆ ಸೇರಿಸಿಲ್ಲ, ಬರೀ ಮೂಲ. 14 ತಿಂಗಳದ್ದು ಮಾತ್ರ ಕೊಟ್ಟರೆ ಕೈಗೆ ಬರುವುದು 42,000. ಹೋಗುವುದು 72,000. ಈ ಎಪ್ಪತ್ತೆರಡು ಸಾವಿರ ಒಬ್ಬ ಡ್ರೈವರನ ಮನೆಯಲ್ಲಿ ಏನು ಗೊತ್ತಾ? ಮಗಳ ಎರಡು ವರ್ಷದ ಕಾಲೇಜು ಫೀಜು. ಇಲ್ಲಾಂದರೆ ಗಿರವಿ ಇಟ್ಟ ಬಳೆ. ಆ ದುಡ್ಡು ಬರಬೇಕಾದ ಕಾಲಕ್ಕೆ ಬಂದಿದ್ದರೆ ಆತ ಸೊಸೈಟಿ ಸಾಲಕ್ಕೆ, ಚೀಟಿಗೆ, ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲಕ್ಕೆ ಹೋಗಬೇಕಾಗಿರಲಿಲ್ಲ. ನೌಕರ ಸಾಲ ಮಾಡಿದರೆ ಬಡ್ಡಿ. ನೌಕರನ ದುಡ್ಡನ್ನು ಸರಕಾರ ಐದು ವರ್ಷ ಇಟ್ಟುಕೊಂಡರೆ ಬಡ್ಡಿಯಿಲ್ಲ, ಅಸಲಿಗೂ ಚೌಕಾಸಿ!

ಬೆಲೆಯೇರಿಕೆಯ ಮಾತಿಗೆ ಬರೋಣ. ಕೇಂದ್ರದ ಲೇಬರ್ ಬ್ಯೂರೋದವರು ದೇಶದ 88 ಕೇಂದ್ರಗಳಿಂದ ಅಕ್ಕಿ, ಬೇಳೆ, ಎಣ್ಣೆ, ಬಾಡಿಗೆ, ಔಷಧಿಯ ದರ ತರಿಸಿ ಪ್ರತಿ ತಿಂಗಳೂ ಒಂದು ಸೂಚ್ಯಂಕ ಹೊರಡಿಸುತ್ತಾರೆ. ಇವತ್ತಿನ 2016ರ ಮಾಪನದಲ್ಲಿ ಹೇಳುವುದಾದರೆ 2019ರ ಡಿಸೆಂಬರಿನಲ್ಲಿ ಅದು ಸುಮಾರು 114.6. 2023ರ ಮಾರ್ಚಿನಲ್ಲಿ 133.3. ಅಂದರೆ ಸಂಬಳ ಏರಿಕೆಗೆ ಕಾದ ಕಾಲದಲ್ಲೇ ಬೆಲೆ ಶೇಕಡಾ 16 ದಾಟಿತ್ತು. ಕೊಟ್ಟ ಏರಿಕೆ ಶೇಕಡಾ 15. 2025ರ ಜುಲೈಗೆ ಸೂಚ್ಯಂಕ 146.5. ಹಾಗಾಗಿ 2020ರ ಶುರುವಿನಲ್ಲಿ ಬರಬೇಕಿದ್ದ ನೂರು ರೂಪಾಯಿಯನ್ನು 2025ರ ಆ ಹೊತ್ತಿಗೆ ನೂರೇ ರೂಪಾಯಿಯಾಗಿ ಕೊಟ್ಟರೆ ಅದರ ಬೆಲೆ ಎಪ್ಪತ್ತೆಂಟು ರೂಪಾಯಿ. ಉಳಿದ ಇಪ್ಪತ್ತೆರಡು ಯಾರ ಜೇಬಿಗೆ ಹೋಯಿತು ಅಂತ ಹಣಕಾಸು ಇಲಾಖೆಯವರು ಹೇಳಬೇಕು.

ಬೆಲೆಯೇರಿಕೆಗೆ ತುಟ್ಟಿಭತ್ಯೆ ಇದೆಯಲ್ಲ, ಮತ್ತೇಕೆ ಗೋಳು ಅಂತ ಕೇಳುವವರಿದ್ದಾರೆ. ಇದೆ, ಇಲ್ಲ ಅನ್ನುವುದಿಲ್ಲ. ಆದರೆ ತುಟ್ಟಿಭತ್ಯೆ ಎಂಬುದೇ ಹಿಂದೆ ನಡೆಯುವ ಗಾಡಿ. ಹನ್ನೆರಡು ತಿಂಗಳ ಸರಾಸರಿ ತೆಗೆದು ಲೆಕ್ಕ ಹಾಕುತ್ತಾರೆ. ಜನವರಿಯಿಂದ ಬರಬೇಕಾದ್ದನ್ನು ಕೇಂದ್ರ ಸಾಮಾನ್ಯವಾಗಿ ಮಾರ್ಚಿನಲ್ಲಿ ಹೇಳುತ್ತದೆ, ನಮ್ಮ ರಾಜ್ಯ ಅದರ ಹಿಂದೆ ಆಮೆಯಂತೆ ಬರುತ್ತದೆ. 2025ರ ಜನವರಿಯದು ನಮ್ಮಲ್ಲಿ ಆದೇಶವಾದದ್ದು ಮೇ ತಿಂಗಳಲ್ಲಿ. ಅಂಗಡಿ ಶೆಟ್ಟರು ಮಾತ್ರ ಹನ್ನೆರಡು ತಿಂಗಳ ಸರಾಸರಿ ತೆಗೆದು ಎಣ್ಣೆ ಮಾರುವುದಿಲ್ಲ. ಬೆಳಿಗ್ಗೆ ದರ ಏರಿದರೆ ಮಧ್ಯಾಹ್ನಕ್ಕೆ ಚೀಟಿಯಲ್ಲಿ ಏರಿರುತ್ತದೆ. ಕೊರೊನಾ ಕಾಲದಲ್ಲಂತೂ ತುಟ್ಟಿಭತ್ಯೆಯೇ ತಡೆದಿಟ್ಟರು. 2020ರ ಜನವರಿಯಿಂದ 2021ರ ಜೂನ್ ತನಕ ಹದಿನೆಂಟು ತಿಂಗಳ ಮೂರು ಕಂತು ಕೇಂದ್ರ ನೌಕರರಿಗೆ ಹೋಯಿತು. ಹಾಗೆ ಉಳಿದದ್ದು 34,402 ಕೋಟಿ ಅಂತ ಕೇಂದ್ರವೇ ಲೆಕ್ಕ ಕೊಟ್ಟಿದೆ. ಆ ಬಾಕಿ ಕೊಡುವುದಿಲ್ಲ ಅಂತಲೂ ಸಂಸತ್ತಿನಲ್ಲಿ ಹೇಳಿದೆ. ರಾಜ್ಯವೂ ಅದೇ ದಾರಿ ಹಿಡಿಯಿತು.

ಇಲ್ಲಿ ಒಂದು ತಪ್ಪು ಲೆಕ್ಕವನ್ನೂ ತಿದ್ದಬೇಕು. ಕೇಂದ್ರದವರಿಗೆ ಶೇಕಡಾ 58, ನಮಗೆ ಬರೀ 14.25 ಅಂತ 2025ರ ಕೊನೆಯಲ್ಲಿ ಹೋಟೆಲು ಹೋಟೆಲಿನಲ್ಲೂ ಮಾತಾಯಿತು. ಅದು ಹಾಗಲ್ಲ. ಕೇಂದ್ರದ ಮೂಲವೇತನ 2016ರದ್ದು, ಅದರ ಮೇಲೆ 58. ರಾಜ್ಯದ್ದು 2022ರ ಜುಲೈವರೆಗಿನ ತುಟ್ಟಿಭತ್ಯೆಯನ್ನು ಒಳಗೆ ಸೇರಿಸಿಕೊಂಡ ಹೊಸ ಮೂಲವೇತನ, ಅದರ ಮೇಲೆ 14.25. ಕೇಂದ್ರದ ಒಂದಕ್ಕೆ ನಮ್ಮದು 0.722 ಅಂತ ಗುಣಿಸಿ ನೋಡಿದರೆ ತಾಳೆಯಾಗುತ್ತದೆ. ಶೇಕಡಾವಾರಿನಲ್ಲಿ ಮೋಸ ಇಲ್ಲ. ಮೋಸ ಇರುವುದು ತಾರೀಖಿನಲ್ಲಿ.

ತಾರೀಖಿನ ಮೋಸ ಅಂದರೇನು ಅಂತ ಸರಕಾರಿ ನೌಕರರನ್ನು ಕೇಳಿ, ಹೇಳುತ್ತಾರೆ. ಏಳನೇ ರಾಜ್ಯ ವೇತನ ಆಯೋಗ ರಚನೆಯಾದದ್ದು 2022ರ ನವೆಂಬರಿನಲ್ಲಿ, ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅಧ್ಯಕ್ಷರು. ವರದಿ ಬಂದದ್ದು 2024ರ ಮಾರ್ಚ್ 16ಕ್ಕೆ. ದುಡ್ಡು ಕೈಗೆ ಬಂದದ್ದು 2024ರ ಆಗಸ್ಟ್ 1ರಿಂದ. ಕನಿಷ್ಠ ಮೂಲವೇತನ 17,000 ಇದ್ದದ್ದು 27,000 ಆಯಿತು, ಸರಕಾರಕ್ಕೆ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಅಂತಲೂ ಸರಕಾರ ಸಾರಿತು. ಆದರೆ ಆದೇಶದ ಪ್ರಕಾರ ಹೊಸ ಸಂಬಳ 2022ರ ಜುಲೈ 1ರಿಂದಲೇ ಜಾರಿ. ಹೇಗೆ? ‘ಕಾಲ್ಪನಿಕವಾಗಿ’!

ಈ ಪದ ಕಂಡುಹಿಡಿದ ಅಧಿಕಾರಿಗೆ ಒಂದು ಸನ್ಮಾನ ಮಾಡಬೇಕು. ಕಾಲ್ಪನಿಕ ಸಂಬಳ ಅಂದರೆ ಕಾಗದದ ಮೇಲೆ ಏರಿದೆ, ಕೈಗೆ ಬಂದಿಲ್ಲ ಅಂತ. ಮನೆ ಮಾಲೀಕರು ಕಾಲ್ಪನಿಕ ಬಾಡಿಗೆ ತೆಗೆದುಕೊಳ್ಳುತ್ತಾರಾ? ಹಾಲಿನವನು ಕಾಲ್ಪನಿಕ ಲೆಕ್ಕ ಒಪ್ಪುತ್ತಾನಾ? ಕೆಲಸದಲ್ಲಿ ಇರುವವರು ಹೇಗೋ ತಡೆದುಕೊಂಡರು, ಮಧ್ಯಂತರ ಪರಿಹಾರ 2023ರ ಏಪ್ರಿಲಿನಿಂದ ಸಿಗುತ್ತಿತ್ತು. ನಿಜವಾಗಿ ಸಿಕ್ಕಿಬಿದ್ದವರು 2022ರ ಜುಲೈ 1ರಿಂದ 2024ರ ಜುಲೈ 31ರ ನಡುವೆ ನಿವೃತ್ತರಾದವರು. ಅವರ ಗ್ರಾಚ್ಯುಟಿ, ರಜೆ ನಗದೀಕರಣ ಎಲ್ಲಾ ಹಳೇ ಸಂಬಳದ ಮೇಲೆ ಲೆಕ್ಕ. ಜುಲೈ 31ಕ್ಕೆ ಹಾರ ಹಾಕಿಸಿಕೊಂಡು ಹೋದ ಮೇಷ್ಟ್ರಿಗೆ ಒಂದು ಲೆಕ್ಕ, ಆಗಸ್ಟ್ 31ಕ್ಕೆ ಹೋದವರಿಗೆ ಇನ್ನೊಂದು. ಮೂವತ್ತೈದು ವರ್ಷ ಒಂದೇ ಬೋರ್ಡಿನ ಮುಂದೆ ನಿಂತವರು ಇಬ್ಬರೂ. ಲಕ್ಷಗಟ್ಟಲೆ ವ್ಯತ್ಯಾಸ. ಅರವತ್ತು ದಾಟಿದ ಆ ಜನ ಬೆಂಗಳೂರಿಗೆ ಹೋಗಿ ಬಿಸಿಲಲ್ಲಿ ಕೂತು ಬಂದರು. ವಿಧಾನಸೌಧಕ್ಕೆ ಮುದುಕರ ಕೂಗು ಕೇಳುವುದು ಕಷ್ಟ, ಅವರು ಬಸ್ಸು ನಿಲ್ಲಿಸಲಾರರು, ಕಡತ ನಿಲ್ಲಿಸಲಾರರು.

ಸಾರಿಗೆಯ ನಿವೃತ್ತರ ಪಾಡು ಇನ್ನೂ ಕೆಳಗೆ. ಅವರದು ಸರಕಾರಿ ಪಿಂಚಣಿ ಅಲ್ಲ, ಭವಿಷ್ಯನಿಧಿಯ ಇ.ಪಿ.ಎಸ್.-95. ಅದರ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ಅಂತ 2014ರ ಸೆಪ್ಟೆಂಬರಿನಲ್ಲಿ ಇಟ್ಟರು. ಹತ್ತು ವರ್ಷ ದಾಟಿದರೂ ಅದು ಅಲ್ಲೇ ಇತ್ತು.

ಈಗ ಸರಕಾರದ ಕಡೆಯ ಮಾತು. ನಿಗಮಗಳು ನಷ್ಟದಲ್ಲಿವೆ ಅಂತಾರೆ. ಹೌದು, ನಷ್ಟದಲ್ಲಿವೆ. 2025ರ ಶುರುವಿನಲ್ಲಿ ಭವಿಷ್ಯನಿಧಿ ಬಾಕಿ, ಡೀಸೆಲ್ ಬಾಕಿ ತೀರಿಸಲು ನಾಲ್ಕೂ ನಿಗಮಗಳಿಗೆ 2,000 ಕೋಟಿ ಸಾಲ ಎತ್ತಲು ಸರಕಾರವೇ ಒಪ್ಪಿಗೆ ಕೊಟ್ಟಿತು. ನೌಕರರ ಭವಿಷ್ಯನಿಧಿಯನ್ನೇ ಬಾಕಿ ಉಳಿಸಿಕೊಳ್ಳುವ ಮಟ್ಟಕ್ಕೆ ಬಂದಿತ್ತು ಪರಿಸ್ಥಿತಿ. ಆದರೆ ಈ ನಷ್ಟ ಮಾಡಿದ್ದು ಡ್ರೈವರನೇ? ಬೆಳಿಗ್ಗೆ ಒಬ್ಬರೂ ಹತ್ತದ ಹಳ್ಳಿಗೆ ನೈಟ್ ಹಾಲ್ಟ್ ಬಸ್ಸು ಹಾಕುವುದು ಎಮ್ಮೆಲ್ಲೆಯವರ ಪತ್ರ. ಹಾಕಬೇಕಾದ್ದೇ, ನಾವು ಬೇಡ ಅನ್ನುವುದಿಲ್ಲ, ಈ ಅಂಕಣದಲ್ಲೇ ಕೇಳಿದ್ದೇವೆ. ಶಾಲಾ ಮಕ್ಕಳ ಪಾಸು ಸರಕಾರದ ತೀರ್ಮಾನ. 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಯೂ ಸರಕಾರದ ತೀರ್ಮಾನ. ಒಳ್ಳೆಯ ತೀರ್ಮಾನವೇ. ಸಂತೆಗೆ, ಆಸ್ಪತ್ರೆಗೆ, ತವರಿಗೆ ಗಂಡನ ಕೈ ನೋಡದೆ ಹೊರಟ ಹೆಂಗಸರನ್ನು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ದಿನಾ ಕಂಡಿದ್ದೇವೆ. ಆದರೆ ಯೋಜನೆಯ ಹೆಸರು ಸರಕಾರಕ್ಕೆ, ನೂಕುನುಗ್ಗಲಿನ ಬೈಗುಳ ಕಂಡಕ್ಟರಿಗೆ, ಅದರ ಬಾಬ್ತು ಪೂರ್ತಿ ಬಂದಿಲ್ಲವೆಂಬ ದೂರು ನಿಗಮದಲ್ಲಿ ಅಂತಾದರೆ ನಷ್ಟದ ಮಾತನ್ನು ಯಾರ ಮುಂದೆ ಹೇಳಬೇಕು?

ದುಡ್ಡಿಲ್ಲ, ನಿಧಾನವಾಗುತ್ತದೆ ಅನ್ನುವವರು ಇನ್ನೊಂದು ಲೆಕ್ಕ ನೋಡಲಿ. ಬಸ್ ದರ ಶೇಕಡಾ 15 ಏರಿಸಬೇಕೆಂದು ಸಚಿವ ಸಂಪುಟ ತೀರ್ಮಾನಿಸಿದ್ದು 2025ರ ಜನವರಿ 2ಕ್ಕೆ. ಜನವರಿ 5ಕ್ಕೆ ಜಾರಿ. ಅದೇ ಶೇಕಡಾ 15. ಪ್ರಯಾಣಿಕನ ಜೇಬಿನಿಂದ ತೆಗೆಯಲು ಮೂರು ದಿನ, ನೌಕರನ ಜೇಬಿಗೆ ಹಾಕಲು 38 ತಿಂಗಳು! ದರ ಏರಿಕೆಗೆ ‘ಕಾಲ್ಪನಿಕ’ ಅಂತ ಯಾಕೆ ಆದೇಶ ಹೊರಡಲಿಲ್ಲವೋ.

ಶಾಸಕರ ಸಂಬಳದ ಕಥೆ ಗೊತ್ತಿದ್ದದ್ದೇ, ಆದರೂ ದಾಖಲೆಗೆ ಇರಲಿ. 2022ರ ಫೆಬ್ರವರಿಯಲ್ಲಿ 25,000 ಇದ್ದದ್ದು 40,000 ಆಯಿತು. 2025ರ ಮಾರ್ಚ್ 21ಕ್ಕೆ 80,000. ಮಂತ್ರಿಗಳದು 60,000ದಿಂದ 1,25,000, ಮುಖ್ಯಮಂತ್ರಿಗಳದು 75,000ದಿಂದ ಒಂದೂವರೆ ಲಕ್ಷ. ಇದು ಬರೀ ಸಂಬಳ, ಭತ್ಯೆಗಳು ಬೇರೆ. ಅವತ್ತು ಸದನದಲ್ಲಿ ಬೇರೆ ವಿಷಯಕ್ಕೆ ಭಾರಿ ಗದ್ದಲ, ಕಾಗದ ಹರಿದು ತೂರಾಟ, ಹದಿನೆಂಟು ಜನ ಶಾಸಕರು ಅಮಾನತು. ಆ ಗದ್ದಲದ ನಡುವೆಯೇ ಚರ್ಚೆಯಿಲ್ಲದೆ ಮಸೂದೆ ಪಾಸಾಯಿತು. ಸಮಿತಿ ಬೇಕಾಗಲಿಲ್ಲ. ಮುಷ್ಕರ ಬೇಕಾಗಲಿಲ್ಲ. ಎಸ್ಮಾ ಅಂತೂ ಇಲ್ಲವೇ ಇಲ್ಲ.

ಎಸ್ಮಾ ಇರುವುದು ಡ್ರೈವರಿಗೆ. 2024ರ ಜನವರಿ 1ಕ್ಕೆ ಮುಂದಿನ ನಾಲ್ಕು ವರ್ಷದ ಪರಿಷ್ಕರಣೆ ಬರಬೇಕಿತ್ತಲ್ಲ, ಅದೂ ಬರಲಿಲ್ಲ. 2024ರ ಡಿಸೆಂಬರ್ 31ಕ್ಕೆ ಅಂತ ಕರೆದ ಮುಷ್ಕರವನ್ನು ಮಾತುಕತೆಯ ಭರವಸೆ ಮೇಲೆ ಮುಂದೂಡಿದರು. ಮಾತುಕತೆಗಳಾದವು, ಕಾಫಿ ಕುಡಿದರು, ಎದ್ದು ಬಂದರು. 2025ರ ಆಗಸ್ಟ್ 5ಕ್ಕೆ ಬಸ್ಸು ನಿಂತಾಗ ಹತ್ತೊಂಬತ್ತು ತಿಂಗಳು ಕಳೆದಿತ್ತು. ಹೈಕೋರ್ಟ್ ಗದರಿಸಿತು, ಸಂಜೆಯೊಳಗೆ ಮುಷ್ಕರ ನಿಂತಿತು. ಅವತ್ತು ಪರೀಕ್ಷೆಗೆ, ಆಸ್ಪತ್ರೆಗೆ ಹೊರಟವರು ಪಟ್ಟ ಪಾಡನ್ನು ನಾವು ಮರೆತಿಲ್ಲ, ಖಾಸಗಿಯವರು ಸುಲಿದದ್ದನ್ನೂ ಮರೆತಿಲ್ಲ. ನ್ಯಾಯಾಲಯ ಜನರ ತೊಂದರೆ ನೋಡಿ ಮುಷ್ಕರ ನಿಲ್ಲಿಸಿದ್ದು ಸರಿ. ಆದರೆ ಮುಷ್ಕರಕ್ಕೆ ತಡೆ ಸಿಗಲು ಒಂದು ದಿನ ಸಾಕು, ಕರಾರಿನ ಬಾಕಿ ಸಿಗಲು ಐದು ವರ್ಷ ಸಾಲದು ಅಂದರೆ ಆ ಒಂದು ದಿನದ ತೊಂದರೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. 1980ರ ಡಿಸೆಂಬರಿನಿಂದ 1981ರ ಮಾರ್ಚ್ ತನಕ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದು ಹಳಬರಿಗೆ ನೆನಪಿರುತ್ತದೆ. ಅದೂ ಸಂಬಳದ ಸಮಾನತೆಯ ಮಾತೇ. ಬಿ.ಎಚ್.ಇ.ಎಲ್.ನವರಿಗೆ ಕೊಟ್ಟದ್ದು ನಮಗೇಕಿಲ್ಲ ಅಂತ.

ನೌಕರರ ಪರ ಬರೆದರೆ ಓದುಗರು ಬೈಯುತ್ತಾರೆ ಅನ್ನುವುದೂ ಗೊತ್ತು. ಖಾತೆ ಬದಲಾವಣೆಗೆ ಲಂಚ, ಜಾತಿ ಸರ್ಟಿಫಿಕೇಟಿಗೆ ಲಂಚ, ಇವರಿಗೆ ಸಂಬಳ ಬೇರೆ ಏರಿಸಬೇಕೇ ಅಂತಾರೆ. ಲಂಚಕೋರನನ್ನು ಹಿಡಿಯಲು ಲೋಕಾಯುಕ್ತ ಇದೆ, ಹಿಡಿಸಿ. ಅವನಿಗೋಸ್ಕರ ಬೆಳಿಗ್ಗೆ ನಾಲ್ಕಕ್ಕೆ ಡಿಪೋಗೆ ಬಂದು ಬಸ್ಸು ತೆಗೆಯುವವನ ಸಂಬಳ ತಡೆಹಿಡಿದರೆ ಲಂಚ ನಿಲ್ಲುತ್ತದಾ? ಲಂಚ ತಿನ್ನುವವನಿಗೆ ತುಟ್ಟಿಭತ್ಯೆ ತಡವಾದರೆ ಏನೂ ಆಗುವುದಿಲ್ಲ. ತಿನ್ನದವನ ಮನೆಯಲ್ಲೇ ತಿಂಗಳ ಕೊನೆಗೆ ಡಬ್ಬಿ ತಳ ಕಾಣುವುದು.

ಇವರಿಗಿಂತ ಕೆಳಗಿರುವವರನ್ನು ಬಿಟ್ಟರೆ ಈ ಮಾತು ಅರ್ಧವೇ ಆಗುತ್ತದೆ. ಶಾಲೆಯ ಬಿಸಿಯೂಟ ಬೇಯಿಸುವ ಹೆಂಗಸರಿಗೆ ಕೇಂದ್ರದ ಲೆಕ್ಕದ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ನಿಗದಿಯಾದದ್ದು 2009ರ ಡಿಸೆಂಬರಿನಲ್ಲಿ. ಹದಿನೈದು ವರ್ಷವಾದರೂ ಅದೇ ಸಾವಿರ. ಮೇಲಿನದು ರಾಜ್ಯ ಸೇರಿಸಿ ಕೊಟ್ಟದ್ದು. ಅಂಗನವಾಡಿ ಕಾರ್ಯಕರ್ತೆಯರಿಗೆ 2018ರ ಅಕ್ಟೋಬರಿನಲ್ಲಿ 3,000ದಿಂದ 4,500ಕ್ಕೆ ಏರಿಸಿದ ಕೇಂದ್ರದವರು ಆಮೇಲೆ ಆರು ವರ್ಷ ಆ ಕಡೆ ತಿರುಗಿಯೂ ನೋಡಲಿಲ್ಲ. ಆಶಾ ಕಾರ್ಯಕರ್ತೆಯರು 2025ರ ಜನವರಿ ಚಳಿಯಲ್ಲಿ ನಾಲ್ಕು ದಿನ ಫ್ರೀಡಂ ಪಾರ್ಕಿನಲ್ಲಿ ಮಲಗಿದ ಮೇಲೆ ತಿಂಗಳಿಗೆ ಹತ್ತು ಸಾವಿರದ ಭರವಸೆ ಸಿಕ್ಕಿತು. ಇವರದು ‘ಗೌರವಧನ’, ಸಂಬಳವಲ್ಲ. ಹಾಗಾಗಿ ತುಟ್ಟಿಭತ್ಯೆಯೂ ಇಲ್ಲ, ಬಾಕಿ ಅಂತ ಕೇಳುವ ಹಕ್ಕೂ ಇಲ್ಲ. ನೌಕರರ ಸಂಘದ ನಾಯಕರು ತಮ್ಮ ಬೇಡಿಕೆ ಪಟ್ಟಿಯಲ್ಲಿ ಈ ಹೆಂಗಸರಿಗೆ ಕೊನೆಯ ಸಾಲು ಕೊಡುತ್ತಾರೆ, ಕೆಲವರು ಅದನ್ನೂ ಕೊಡುವುದಿಲ್ಲ. ಇದನ್ನೂ ಹೇಳಬೇಕಾಗಿದೆ.

ಏನು ಮಾಡಬೇಕು ಅಂತ ಕೇಳಿದರೆ ಉತ್ತರ ಕಷ್ಟದ್ದಲ್ಲ. ನಿವೃತ್ತರಿಗೆ ಮೊದಲು ಕೊಡಬೇಕು, ಅವರಿಗೆ ಕಾಯಲು ಕಾಲ ಕಮ್ಮಿ. ಉಳಿದವರಿಗೆ ಒಂದೇ ಸಲ ಆಗದಿದ್ದರೆ ಕಂತಿನಲ್ಲಿ ಕೊಡಲಿ, ಆದರೆ ಕಂತಿನ ತಾರೀಖು ಆದೇಶದಲ್ಲಿ ಇರಲಿ, ತಡವಾದರೆ ಬಡ್ಡಿ ಇರಲಿ. ಕರೆಂಟ್ ಬಿಲ್ಲು ಒಂದು ವಾರ ತಡವಾದರೆ ನಮ್ಮಿಂದ ವಸೂಲಿ ಮಾಡುತ್ತಾರಲ್ಲ, ಹಾಗೆ. ಶಕ್ತಿ, ವಿದ್ಯಾರ್ಥಿ ಪಾಸಿನ ಬಾಬ್ತು ಪ್ರತಿ ತಿಂಗಳೂ ನಿಗಮಕ್ಕೆ ಪೂರ್ತಿ ಸಂದಾಯವಾಗಲಿ. ನಾಲ್ಕು ವರ್ಷದ ಕರಾರಿನ ಮಾತುಕತೆ ಅವಧಿ ಮುಗಿಯುವ ಆರು ತಿಂಗಳ ಮೊದಲೇ ಶುರುವಾಗಲಿ.

ಈ ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಲಿ. ಆ 24 ತಿಂಗಳನ್ನು ಯಾವ ಕಾನೂನಿನ ಯಾವ ಕಲಮಿನ ಪ್ರಕಾರ ಲೆಕ್ಕದಿಂದ ಹೊರಗಿಟ್ಟಿರಿ ಅಂತ. ಉತ್ತರ ಸದನದ ದಾಖಲೆಗೆ ಬರಲಿ, ನಾವು ಈ ಪುಟದಲ್ಲಿ ಅಕ್ಷರಕ್ಷರ ಅಚ್ಚು ಮಾಡುತ್ತೇವೆ. ಅದಾದ ಮೇಲಿನ ಕರಾರಿನ ತಾರೀಖೂ ಬಹಳ ದೂರ ಇಲ್ಲ: 2028ರ ಜನವರಿ 1. ಚುನಾವಣೆ ಅದೇ ವರ್ಷ.